ಬಿತ್ತಿದವನಿಗಲ್ಲ, ಪಹಣಿಗೆ ಬಂತು ದುಡ್ಡು

ಚಳ್ಳಕೆರೆ, ಪಾವಗಡ ಸೀಮೆಯಲ್ಲಿ ಶೇಂಗಾ ಪರಿಹಾರದ ಮಾತು ಬಂದ್ರೆ ಜನ ಮೊದಲು ಕೇಳೋದು "ದುಡ್ಡು ಬಿತ್ತಾ?" ಅಂತ. ಯಾರ ಖಾತೆಗೆ ಬಿತ್ತು ಅನ್ನೋದನ್ನ ಯಾರೂ ಕೇಳಲ್ಲ. ನಾವು ಅದನ್ನೇ ಕೇಳ್ತಿದ್ದೇವೆ.

2023ರ ಬರ ನೆನಪಿರಬೇಕು. ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು. ರಾಜ್ಯ ಸರ್ಕಾರ ಮೊದಲ ಕಂತು ಅಂತ 2,000 ರೂಪಾಯಿವರೆಗೆ ಹಾಕಿತು. ಮಿಕ್ಕಿದ್ದಕ್ಕೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. 2024ರ ಏಪ್ರಿಲ್ ಕೊನೆಗೆ ಕೇಂದ್ರದಿಂದ 3,454 ಕೋಟಿ ಬಂತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಎಕರೆ ಲೆಕ್ಕದಲ್ಲಿ 3,400 ಚಿಲ್ಲರೆ. ಇದಕ್ಕೆ ಸರ್ಕಾರ ಇಟ್ಟಿರೋ ಹೆಸರು 'ಇನ್‌ಪುಟ್ ಸಬ್ಸಿಡಿ'. ಬೀಜ, ಗೊಬ್ಬರಕ್ಕೆ ದುಡ್ಡು ಹಾಕಿ ಕಳಕೊಂಡವರಿಗೆ ಅಂತ.

ಆದ್ರೆ ಈ ದುಡ್ಡು ಬೀಜದ ಚೀಟಿ ನೋಡಿ ಬರಲ್ಲ. ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರಿಗೆ ಯಾವ ಬೆಳೆ ಅಂತ ದಾಖಲಾಗುತ್ತೆ. ಆ ನಂಬರಿನ ಪಹಣಿ ಯಾರ ಹೆಸರಲ್ಲಿದೆಯೋ ಅವರ ಫ್ರೂಟ್ಸ್ ಐಡಿ, ಅವರ ಆಧಾರ್, ಅವರ ಬ್ಯಾಂಕು. ಹೊಲ ಗುತ್ತಿಗೆಗೆ ಕೊಟ್ಟು ಬೆಂಗಳೂರು ಸೇರಿದವರ ಫೋನಿಗೆ ಮೆಸೇಜ್ ಬರುತ್ತೆ. ಸಾಲ ಮಾಡಿ ಬೀಜ ತಂದು, ಹುಸಿಯಾದ ಗಿಡ ಕಿತ್ತು ದನಕ್ಕೆ ಹಾಕಿದವನಿಗೆ ಏನೂ ಇಲ್ಲ. ಬಂದ ದುಡ್ಡನ್ನ ಗುತ್ತಿಗೆಯವನಿಗೆ ಕೊಟ್ಟ ಮಾಲೀಕರೂ ಇದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಅದು ಅವರ ದೊಡ್ಡಗುಣ, ಇವನ ಹಕ್ಕಲ್ಲ. ತಾತನ ಹೆಸರಲ್ಲೇ ಪಹಣಿ ಇರೋ ಮನೆಗಳ ಪಾಡೂ ಹೆಚ್ಚುಕಮ್ಮಿ ಇದೇ. ಪೌತಿ ಖಾತೆ ಆಗೋವರೆಗೆ ಅಲ್ಲೂ ದುಡ್ಡಿಲ್ಲ.

ಗುತ್ತಿಗೆ ಕರಾರನ್ನ ಕಾಗದಕ್ಕೆ ಇಳಿಸಬಾರದಾ ಅಂತ ಪೇಟೆಯವರು ಕೇಳ್ತಾರೆ. ಹೇಗೆ ಇಳಿಸೋದು? 1974ರಿಂದ ಕರ್ನಾಟಕದಲ್ಲಿ ಕೃಷಿ ಜಮೀನು ಗೇಣಿಗೆ ಕೊಡೋದೇ ಕಾನೂನಿಗೆ ವಿರುದ್ಧ. ಉಳುವವನಿಗೆ ಭೂಮಿ ಸಿಗಲಿ ಅಂತ ತಂದ ಕಾನೂನು ಅದು, ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿದೆ. ಅದೇ ಕಾನೂನಿನ ನೆರಳಲ್ಲಿ ಇವತ್ತಿನ ಗುತ್ತಿಗೆ ರೈತ ಲೆಕ್ಕಕ್ಕೇ ಸಿಗದವನಾಗಿದ್ದಾನೆ.

ಗಡಿ ದಾಟಿದ್ರೆ ಅನಂತಪುರ, ಅಲ್ಲೂ ಶೇಂಗಾನೇ. ಆಂಧ್ರ 2019ರಲ್ಲಿ ಸಾಗುವಳಿದಾರರಿಗೆ 11 ತಿಂಗಳ ಕಾರ್ಡು ಕೊಡೋ ಕಾಯ್ದೆ ತಂತು. ಭೂಮಿ ಮೇಲೆ ಹಕ್ಕಿಲ್ಲ, ಬೆಳೆ ಮೇಲೆ ಮಾತ್ರ. ಮಾಲೀಕರ ಸಹಿ ಬೇಕು ಅನ್ನೋ ಷರತ್ತಿಗೆ ಬಹಳ ಜನ ಸಿಕ್ಕಿಬಿದ್ರು. ಆದ್ರೂ ಅಲ್ಲಿ ಅಂಥವನೊಬ್ಬ ಇದ್ದಾನೆ ಅಂತಾದ್ರೂ ಸರ್ಕಾರ ಒಪ್ಪಿಕೊಂಡಿದೆ.

ನಮ್ಮ ಪಹಣಿಯಲ್ಲೂ ಸಾಗುವಳಿದಾರನ ಹೆಸರಿಗೆ 12ನೇ ಕಾಲಂ ಇದೆ. ತೆಗೆದು ನೋಡಿ, ಬಹುತೇಕ ಕಡೆ ಮಾಲೀಕರ ಹೆಸರೇ ಮತ್ತೆ ಬರೆದಿರುತ್ತೆ. ಅದನ್ನ ಮುಟ್ಟಿದ್ರೆ ಜಮೀನೇ ಹೋಗುತ್ತೆ ಅನ್ನೋ ಭಯ ಮಾಲೀಕರಿಗೆ, ಅದು ಸುಳ್ಳು ಭಯವೂ ಅಲ್ಲ. ಹಾಗಾಗಿ ಪಹಣಿ ಬಿಟ್ಟು ಬೆಳೆ ಸಮೀಕ್ಷೆಯಲ್ಲೇ ಒಂದು ಸಾಲು ಸೇರಿಸಲಿ: ಈ ಹಂಗಾಮಿಗೆ ಬಿತ್ತಿದವರು ಯಾರು. ಆ ಹೆಸರಿಗೆ ಪರಿಹಾರ ಬಿಟ್ಟು ಬೇರೆ ಯಾವ ಹಕ್ಕೂ ಇಲ್ಲ ಅಂತ ಸರ್ಕಾರ ಆದೇಶದಲ್ಲೇ ಬರೆದುಬಿಡಲಿ.

ಅಲ್ಲಿವರೆಗೆ, ಮುಂಗಾರಿಗೆ ಗುತ್ತಿಗೆ ಮಾತಾಡೋವಾಗ ದರದ ಜೊತೆ ಇದನ್ನೂ ಇಬ್ಬರು ಹಿರಿಯರ ಎದುರು ಮಾತಾಡಿಕೊಳ್ಳಿ: ಪರಿಹಾರ ಬಂದ್ರೆ ಯಾರಿಗೆ ಎಷ್ಟು ಅಂತ. ಬಿತ್ತಿದ ಮೇಲೆ ಯಾರೂ ಆ ಮಾತಿಗೆ ಸಿಗಲ್ಲ.