ನೀರು ತುಂಬುವ ಹಬ್ಬಕ್ಕೆ ಕೊಟ್ಟ ಮಾತು

ಮಾನ್ಯರೇ,

ತಮ್ಮ ಹೆಸರನ್ನೂ ಹುದ್ದೆಯನ್ನೂ ಇಲ್ಲಿ ಬರೆಯುತ್ತಿಲ್ಲ. ಓದಿದ ಕೂಡಲೇ ತಮಗೆ ಗೊತ್ತಾಗುತ್ತದೆ, ನಮ್ಮ ಬೀದಿಯವರಿಗೆ ಮೊದಲೇ ಗೊತ್ತು. ತಮ್ಮ ಕಚೇರಿಗೆ ನಾನು ಕೊಟ್ಟ ಅರ್ಜಿಗಳು ಏಳು. ಏಳಕ್ಕೂ ಸ್ವೀಕೃತಿ ಚೀಟಿ ಇದೆ, ಒಂದಕ್ಕೂ ಉತ್ತರವಿಲ್ಲ. ಅಹವಾಲು ಸಭೆಗೆ ಎರಡು ಸಲ ಬಂದೆ. ಮೊದಲ ಸಲ ತಾವು ಇರಲಿಲ್ಲ. ಎರಡನೇ ಸಲ ಇದ್ದಿರಿ, ಇಲ್ಲದಿದ್ದರೇ ಚೆನ್ನಾಗಿತ್ತು. ಆ ಮಾತು ಆಮೇಲೆ.

2024ರ ಮಾರ್ಚ್ ತಿಂಗಳನ್ನು ಯಾರಿಗೂ ನೆನಪು ಮಾಡಿಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಸಾವಿರಾರು ಸರ್ಕಾರಿ ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರಿಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. ನಮ್ಮ ಬೀದಿಯ ಬೋರು ಶಿವರಾತ್ರಿಯ ಹೊತ್ತಿಗೆ ಎರಡು ದಿನ ಕೆಮ್ಮಿ ನಿಂತದ್ದು ಮತ್ತೆ ಏಳಲಿಲ್ಲ. ಆಗ ತಾವು ಮಾರಮ್ಮನ ಗುಡಿ ಮುಂದಿನ ಶಾಮಿಯಾನಕ್ಕೆ ಬಂದಿರಿ. ಎಳನೀರು ಕೊಟ್ಟೆವು. ಮೈಕು ಹಿಡಿದು, ಮುಂದಿನ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿ ಹೇಳಿದಿರಿ: "ಅಮ್ಮಾ, ಈ ಸಲದ ನೀರು ತುಂಬೋ ಹಬ್ಬಕ್ಕೆ ನಿಮ್ಮನೆ ಹಂಡೆಗೆ ಕಾವೇರಿ ತುಂಬಿಸ್ತೀನಿ. ಇಲ್ಲಾಂದ್ರೆ ಕೇಳಿ."

ಕೇಳುತ್ತಿದ್ದೇನೆ.

"ದೀಪಾವಳಿಯೊಳಗೆ ಕ್ರಮ ಕೈಗೊಳ್ಳಲಾಗುವುದು" ಎಂದಿದ್ದರೆ ಸರ್ಕಾರದ ಮಾತು ಎಂದು ಬಿಟ್ಟುಬಿಡುತ್ತಿದ್ದೆ. ತಾವು ಹಂಡೆಯ ಹೆಸರೆತ್ತಿದಿರಿ. ಅದು ನಮ್ಮತ್ತೆಯ ಕಾಲದ ತಾಮ್ರದ ಹಂಡೆ. ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಸೇದೋ ಬಾವಿಯಿಂದ ನೀರೆಳೆದು ತುಂಬುತ್ತಿದ್ದೆವು. ಬಾವಿಯಲ್ಲಿ ನೀರಿತ್ತು, ಏಕೆಂದರೆ ಊರ ಮುಂದಿನ ಕೆರೆಯಲ್ಲಿ ನೀರಿತ್ತು. ತೂಬು ಎತ್ತಲು ನೀರುಗಂಟಿ ಇದ್ದ. ಇವತ್ತು ಆ ಕೆರೆ ಮೂಗು ಮುಚ್ಚಿಕೊಂಡು ದಾಟುವ ಜಾಗ. ನಗರದ ಬಚ್ಚಲ ನೀರನ್ನು ಶುದ್ಧಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಹರಿಸಲಿ, ಅವರೂ ನೀರಿಲ್ಲದೆ ಬೆಂದವರು. ನಮ್ಮ ಕೆರೆಗೆ ಮಾತ್ರ ಶುದ್ಧಮಾಡದ್ದು ಬರುತ್ತದೆ.

ಇರಲಿ. 2024ರ ಅಕ್ಟೋಬರ್ 16ರಂದು ಟಿ.ಕೆ. ಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, 110 ಹಳ್ಳಿಗಳ 50 ಲಕ್ಷ ಜನಕ್ಕೆ. ನಮ್ಮೂರೂ ಆ 110ರಲ್ಲಿ ಒಂದು. ಬೀದಿಗೆಲ್ಲ ಮೈಸೂರುಪಾಕು ಹಂಚಿದವಳು ನಾನೇ! ಪೈಪು ಹಾಕಿ ಆಗಿತ್ತು, ಅಗೆದ ರಸ್ತೆ ಅಗೆದ ಹಾಗೇ ಇತ್ತು, ಡಿಮ್ಯಾಂಡ್ ನೋಟೀಸಿನ ದುಡ್ಡನ್ನು ಒಂದೇ ಕಂತಿನಲ್ಲಿ ಕಟ್ಟಿ ಮೀಟರು ಕೂರಿಸಿಕೊಂಡಿದ್ದೆವು. ಹದಿನಾಲ್ಕು ದಿನಕ್ಕೆ ಹಬ್ಬ. ಸಂಜೆ ದೀಪ ಹಚ್ಚಿ ನಲ್ಲಿ ತಿರುಗಿಸಿದೆ. ಬುಸ್ಸೆಂದು ಗಾಳಿ ಬಂತು, ಗಾಳಿಗೇ ಮೀಟರು ಗಿರಗಿರನೆ ತಿರುಗಿತು. ಹಂಡೆಗೆ ಟ್ಯಾಂಕರ್ ನೀರು ಹೊಯ್ದೆ. ಮರುವರ್ಷದ ಹಬ್ಬಕ್ಕೂ ಅದನ್ನೇ ಹೊಯ್ದೆ. ನಡುವೆ 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿತು. ಹನ್ನೊಂದು ವರ್ಷದಿಂದ ಏರಿಸಿರಲಿಲ್ಲವಂತೆ. ಗಾಳಿಯ ದರವೂ ಸೇರಿಯೇ ಏರಿರಬೇಕು, ನನ್ನ ಬಿಲ್ಲು ತಪ್ಪದೆ ಬರುತ್ತಿದೆ.

ಈಗ ಆ ಎರಡನೇ ಅಹವಾಲು ಸಭೆ. ನಾನು ಎದ್ದು ನಿಂತು ಹಂಡೆಯ ಮಾತೆತ್ತಿದೆ. ನೀವು ಕಡತದಿಂದ ತಲೆ ಎತ್ತದೆ, "ಅಮ್ಮಾ, ನಿಮ್ಮದು ಮೇಲಿನ ಬೀದಿ, ಪ್ರೆಷರ್ ಏರಲ್ಲ. ಹಬ್ಬಕ್ಕೆ ತಾನೆ? ನಾನೇ ಒಂದು ಲೋಡು ಟ್ಯಾಂಕರ್ ಕಳಿಸ್ತೀನಿ ಬಿಡಿ" ಎಂದಿರಿ. ಸಭೆ ನಕ್ಕಿತು, ನೀವೂ ನಕ್ಕಿರಿ. ನಿಮ್ಮ ಗುಮಾಸ್ತರು ಅಂದಿನಿಂದ ನನ್ನನ್ನು "ಹಂಡೆ ಅಮ್ಮ" ಎನ್ನುತ್ತಾರಂತೆ.

ಪ್ರೆಷರ್! 100 ಕಿಲೋಮೀಟರ್ ದೂರದಿಂದ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ನೀರನ್ನು ಪಂಪು ಮಾಡಿ ಮಾಡಿ ಈ ಊರಿಗೆ ಏರಿಸುತ್ತೀರಿ. ಕೊನೆಯ ದಿಣ್ಣೆಯ ಹತ್ತಡಿಗೆ ಬಂದಾಗ ಉಸಿರು ಕಟ್ಟಿತೆ? ನಮ್ಮ ಬೀದಿ ನಿನ್ನೆ ರಾತ್ರಿ ಎದ್ದು ನಿಂತದ್ದಲ್ಲ. ನಕ್ಷೆ ಬರೆಯುವಾಗಲೂ ಆ ದಿಣ್ಣೆ ಅಲ್ಲೇ ಇತ್ತು. ಇಲ್ಲದೆ ಇದ್ದದ್ದು ತಗ್ಗಿನ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು. ಅದಕ್ಕೆ ಒಪ್ಪಿಗೆ ಕೊಟ್ಟವರು ನೀರೆಲ್ಲಿಂದ ಎಂದು ಕೇಳಿದರೇ? ಬೋರ್‌ವೆಲ್ ಇದೆ ಎಂದು ಕಾಗದದಲ್ಲಿ ಬರೆದರೆ ಸಾಕಾಯಿತು. ಈಗ ಬೋರೂ ಇಲ್ಲ, ನಮ್ಮ ಪೈಪಿನ ನೀರೂ ಅಲ್ಲಿಗೇ ಇಳಿಯುತ್ತದೆ.

ಇದು ನನ್ನೊಬ್ಬಳ ಹಂಡೆಯ ಕಥೆಯಲ್ಲ ಎನ್ನುವುದು ಗೊತ್ತು. ಈ ನಗರಕ್ಕೆ ಹೆಸರಘಟ್ಟ ಸಾಲದೆ ತಿಪ್ಪಗೊಂಡನಹಳ್ಳಿ ಬಂತು, ಅದೂ ಸಾಲದೆ 1974ರಲ್ಲಿ ಕಾವೇರಿ ಬಂತು. ಪ್ರತಿ ಸಲವೂ ಜನ ಬಂದು ಕೂತ ಮೇಲೆ ತಲೆ ಎಣಿಸುವುದು, ಎಣಿಸಿ ಮುಗಿಯುವುದರೊಳಗೆ ಇನ್ನಷ್ಟು ಜನ. ನಮ್ಮನ್ನು ಮಹಾನಗರಕ್ಕೆ ಸೇರಿಸಿದ್ದು 2007ರಲ್ಲಿ, ನಮ್ಮ ಹೆಸರಿನ ನೀರು ಹೊರಟದ್ದು 2024ರಲ್ಲಿ. ಹದಿನೇಳು ವರ್ಷ! ನಮಗಾಗಿ ಎಣಿಸಿದ ನೀರು ಬರುವ ಹೊತ್ತಿಗೆ ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆ ರಾಗಿ ಹೊಲದಲ್ಲೆಲ್ಲ ಸೈಟಿನ ಬಣ್ಣದ ಕಲ್ಲು ನೆಟ್ಟಾಗಿದೆ. ಅವರಿಗೆ ಎಲ್ಲಿಂದ ತರುತ್ತೀರಿ? ಕಾವೇರಿಯಲ್ಲಿ ಬೆಂಗಳೂರಿಗೆಂದು 4.75 ಟಿಎಂಸಿ ಹೆಚ್ಚಿಗೆ ಸಿಗಲು ಸುಪ್ರೀಂ ಕೋರ್ಟು 2018ರಲ್ಲಿ ಹೇಳಬೇಕಾಯಿತು. 2019ರಲ್ಲಿ ಶರಾವತಿಯನ್ನೇ ತರುತ್ತೇವೆ ಎಂದಾಗ ಶಿವಮೊಗ್ಗದವರು ಬೀದಿಗಿಳಿದರು, ನನಗೆ ತಪ್ಪೆನಿಸಲಿಲ್ಲ. ಸಾವಿರ ಚದರಡಿ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 90 ಸಾವಿರ ಲೀಟರ್ ಮಳೆ ಬೀಳುತ್ತದೆ. ಹಿಡಿಯಿರಿ ಎಂದಿರಿ, ನಾನು ಹಿಡಿದೆ. ಇದೇ ಬೀದಿಯ ಸರ್ಕಾರಿ ಕಟ್ಟಡದ ಮಳೆನೀರು ಮಾತ್ರ ಈಗಲೂ ಚರಂಡಿಗೇ.

ನೀರಿನ ಲೆಕ್ಕ ತೋರಿಸದ ಬಡಾವಣೆಗೆ ಒಪ್ಪಿಗೆ ಕೊಡಬೇಡಿ. ಕೆರೆಗೆ ಬರುವ ಕೊಳಚೆ ನಿಲ್ಲಿಸಿ. ಮೇಲಿನ ಬೀದಿಗಳಿಗೊಂದು ಬೂಸ್ಟರ್ ಪಂಪು ಹಾಕಿ. ವಾರದಲ್ಲಿ ಯಾವ ದಿನ, ಎಷ್ಟು ಗಂಟೆ ನೀರು ಬಿಡುತ್ತೀರಿ ಎಂದು ಬರೆದು ಗುಡಿ ಗೋಡೆಗೆ ಅಂಟಿಸಿ. ವಾಲ್ವ್ ತಿರುಗಿಸುವ ಹುಡುಗನನ್ನು ಕೇಳಿದರೆ "ಸಾಹೇಬ್ರು ಹೇಳ್ಬೇಕು" ಎನ್ನುತ್ತಾನೆ. ಹೇಳಿ ಸ್ವಾಮಿ!

ನನ್ನ ಬೇಡಿಕೆ ಇನ್ನೂ ಸಣ್ಣದು. ಮುಂದಿನ ನೀರು ತುಂಬುವ ಹಬ್ಬದ ಸಂಜೆ ಆರು ಗಂಟೆಗೆ ನಲ್ಲಿ ತಿರುಗಿಸುತ್ತೇನೆ. ಆ ಹೊತ್ತಿಗೆ ನೀವು ನಮ್ಮ ಬಚ್ಚಲಿನಲ್ಲಿ ನನ್ನ ಪಕ್ಕ ನಿಂತಿರಬೇಕು. ನಗುವುದಿದ್ದರೆ ಅಲ್ಲಿ ನಗಿ. ಟ್ಯಾಂಕರ್ ಕಳಿಸಬೇಡಿ, ಕಳಿಸಿದರೆ ಗೇಟು ತೆಗೆಯುವುದಿಲ್ಲ.

ಇಂತಿ,
ಮೇಲಿನ ಬೀದಿಯ ಹಂಡೆ ಅಮ್ಮ