ಮೈ ತಣ್ಣಗಿದ್ದರೆ ಥೈರಾಯ್ಡ್ ರೋಗವೇ? ಉತ್ತರ ಇರುವುದು ರಕ್ತದ ವರದಿಯಲ್ಲಿ

ಕಾಸರಗೋಡು: ಕೋವಿಡ್ ಕಾಲದಲ್ಲಿ ಮನೆ ಸೇರಿದ ಥರ್ಮಾಮೀಟರ್ ಈಗಲೂ ಅನೇಕರ ಕಪಾಟಿನಲ್ಲಿದೆ. ಮೊದಲು ಜ್ವರ ಬಂದಾಗ ಮಾತ್ರ ಅದನ್ನು ಹುಡುಕುತ್ತಿದ್ದರು. ಈಗ ಸುಸ್ತಾದರೂ ಇಟ್ಟು ನೋಡುವವರಿದ್ದಾರೆ. 97 ಡಿಗ್ರಿ ಕಂಡರೆ "ಕಡಿಮೆ ಇದೆಯಲ್ಲ" ಎಂಬ ಚಿಂತೆ. ಅದರ ಬೆನ್ನಿಗೇ "ಥೈರಾಯ್ಡ್ ಇರಬಹುದು" ಎಂಬ ಅಕ್ಕಪಕ್ಕದವರ ಮಾತು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಹೆಚ್ಚು ಗೊಂದಲವಿದೆ.

98.6 ಎಂಬ ಲೆಕ್ಕ

ಮನುಷ್ಯನ ಮೈ ಬಿಸಿ 98.6 ಡಿಗ್ರಿ ಎಂಬ ಲೆಕ್ಕ ಜರ್ಮನಿಯ ವೈದ್ಯ ವುಂಡರ್ಲಿಚ್ 1868ರಲ್ಲಿ ಪ್ರಕಟಿಸಿದ ಗ್ರಂಥದಿಂದ ಬಂದದ್ದು. 1992ರಲ್ಲಿ ಅಮೆರಿಕದ ವೈದ್ಯರು 148 ಮಂದಿ ಆರೋಗ್ಯವಂತರನ್ನು ಅಳೆದಾಗ ಸರಾಸರಿ 98.2 ಡಿಗ್ರಿ ಬಂತು. ಮುಂಜಾನೆ ಮೈ ಬಿಸಿ ಕಡಿಮೆ, ಸಂಜೆ ಹೆಚ್ಚು. ಕಂಕುಳಲ್ಲಿ ಇಟ್ಟರೆ ಬಾಯಿಯಲ್ಲಿ ಇಟ್ಟದ್ದಕ್ಕಿಂತ ಕಡಿಮೆ ತೋರಿಸುತ್ತದೆ. ವಯಸ್ಸಾದವರಲ್ಲಿಯೂ ಸ್ವಲ್ಪ ಕಡಿಮೆಯೇ. ಆದ್ದರಿಂದ ಬೆಳಗ್ಗೆ 97 ಕಂಡ ಮಾತ್ರಕ್ಕೆ ಅದು ರೋಗವಲ್ಲ.

ಹಾಗಾದರೆ ಥೈರಾಯ್ಡ್‌ಗೂ ಮೈ ಬಿಸಿಗೂ ಸಂಬಂಧವೇ ಇಲ್ಲವೇ? ಇದೆ. ಕೊರಳಿನ ಮುಂಭಾಗದಲ್ಲಿರುವ ಈ ಗ್ರಂಥಿಯ ಹಾರ್ಮೋನು ದೇಹ ಎಷ್ಟು ವೇಗವಾಗಿ ಶಕ್ತಿ ಉರಿಸಬೇಕೆಂದು ನಿರ್ಧರಿಸುತ್ತದೆ. ಅದು ಕಡಿಮೆಯಾದರೆ ಚಳಿ ತಡೆಯದು. ಸುಸ್ತು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವಿಕೆ, ತೂಕ ಏರಿಕೆ, ಮುಟ್ಟಿನ ಏರುಪೇರು ಕಾಣಿಸಿಕೊಳ್ಳುತ್ತವೆ. ಆದರೆ ಹೆಚ್ಚಿನ ರೋಗಿಗಳಲ್ಲಿ ಥರ್ಮಾಮೀಟರ್ ತೋರಿಸುವ ಅಂಕಿ ಎಲ್ಲರಂತೆಯೇ ಇರುತ್ತದೆ. ವರ್ಷಗಟ್ಟಲೆ ಚಿಕಿತ್ಸೆ ಇಲ್ಲದ ವೃದ್ಧರಿಗೆ ಮೈ ಬಿಸಿ 95ಕ್ಕಿಂತ ಇಳಿದು ಮಂಪರು ಕವಿದರೆ ಅದು ಬೇರೆ ಮಾತು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ ಅದು.

ತಪ್ಪು ದಾರಿ ಹಳೆಯದು

ಮೈ ಬಿಸಿ ನೋಡಿ ಥೈರಾಯ್ಡ್ ಹೇಳುವ ಪದ್ಧತಿಗೆ ಅಮೆರಿಕದಲ್ಲಿ ಹಳೆಯ ಇತಿಹಾಸವಿದೆ. 1942ರಲ್ಲಿ ಬ್ರೋಡಾ ಬಾರ್ನ್ಸ್ ಎಂಬ ವೈದ್ಯರು ಇದನ್ನು ಪ್ರತಿಪಾದಿಸಿದರು. ಆಗ ಇಂದಿನಂಥ ರಕ್ತ ಪರೀಕ್ಷೆ ಇರಲಿಲ್ಲ. ಮುಂದೆ ಡೆನಿಸ್ ವಿಲ್ಸನ್ ಎಂಬ ವೈದ್ಯರು, ರಕ್ತದ ವರದಿ ಸರಿ ಇದ್ದರೂ ಮೈ ಬಿಸಿ ಕಡಿಮೆ ಇದ್ದರೆ ಅದೊಂದು ರೋಗ ಎಂದು ಹೇಳಿ ತಮ್ಮ ಹೆಸರನ್ನೇ ಅದಕ್ಕೆ ಇಟ್ಟರು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಅಮೆರಿಕದ ಥೈರಾಯ್ಡ್ ವೈದ್ಯರ ಸಂಘ ಸ್ಪಷ್ಟಪಡಿಸಿದೆ. ಬೇಡದ ಹಾರ್ಮೋನು ನುಂಗಿದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಸರಿಯಾದ ದಾರಿ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ. ಥೈರಾಯ್ಡ್ ಸೋತರೆ ಅದನ್ನು ಎಬ್ಬಿಸಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹೆಚ್ಚು ಟಿಎಸ್‌ಎಚ್ ಕಳಿಸುತ್ತದೆ. ಅಂದರೆ ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಇಳಿದಿದೆ ಎಂದರ್ಥ. ತುಸು ಮಾತ್ರ ಏರಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದು ರೂಢಿ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ.

ಸಮಸ್ಯೆ ಮಾತ್ರ ಸಣ್ಣದಲ್ಲ. ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಯಸ್ಕರ ಪೈಕಿ ಶೇ. 10.95 ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂದಿತ್ತು. ಹೆಂಗಸರಲ್ಲಿ ಪ್ರಮಾಣ ಗಂಡಸರ ಮೂರು ಪಟ್ಟು. ಕಡಲ ಮೀನು ತಿನ್ನುವ ಊರಿನಲ್ಲೂ ಇದೇಕೆ ಎಂದು ಕೇಳುವವರಿದ್ದಾರೆ. ಅಯೋಡಿನ್ ಕೊರತೆ ಒಂದು ಕಾರಣ ಮಾತ್ರ. ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟವನ್ನು ಕೇಂದ್ರ ಸರ್ಕಾರ 2000ದಲ್ಲಿ ಸಡಿಲಿಸಿ 2006ರಲ್ಲಿ ಮತ್ತೆ ನಿಷೇಧಿಸಿತು. ಇಂದು ಹೆಚ್ಚಾಗಿ ಕಾಣುವುದು ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ.

ಮಾತ್ರೆ ಸುಲಭ, ಶಿಸ್ತು ಕಷ್ಟ

ಚಿಕಿತ್ಸೆ ಲೆವೊಥೈರಾಕ್ಸಿನ್ ಎಂಬ ಸಣ್ಣ ಮಾತ್ರೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಇದು ದುಬಾರಿಯಲ್ಲ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾದು ಚಹಾ, ಕಾಫಿ, ತಿಂಡಿ ತೆಗೆದುಕೊಳ್ಳಬೇಕು. ವೈದ್ಯರು "ವೆರುಂ ವಯಟ್ಟಿಲ್" ಎಂದು ಮಲಯಾಳದಲ್ಲಿ ಹೇಳಿದ್ದೂ ಇದನ್ನೇ. ಮನೆಯ ಹಿರಿಯರಿಗೆ ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳುವುದು ಮಕ್ಕಳ ಕೆಲಸ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಗರ್ಭಿಣಿಯರಿಗೆ ಈ ಎರಡನ್ನೂ ಕೊಡುವುದರಿಂದ ಅವರಿಗೆ ಇದು ಮುಖ್ಯ. ಗರ್ಭಿಣಿಯಾದರೆ ಥೈರಾಯ್ಡ್ ಮಾತ್ರೆಯ ಪ್ರಮಾಣವೂ ಸಾಮಾನ್ಯವಾಗಿ ಹೆಚ್ಚಬೇಕಾಗುತ್ತದೆ. ತಿಂಗಳು ನಿಂತ ಕೂಡಲೇ ವೈದ್ಯರಿಗೆ ತಿಳಿಸಬೇಕು. ಪ್ರಮಾಣ ಬದಲಾದ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ವರದಿ ಸರಿಬಂತೆಂದು ತಾವಾಗಿಯೇ ಮಾತ್ರೆ ಬಿಡುವುದು ದೊಡ್ಡ ತಪ್ಪು. ವರದಿ ಸರಿ ಬಂದದ್ದು ಮಾತ್ರೆಯಿಂದಲೇ.

ಗಡಿಯಲ್ಲಿ ಕಳೆದುಹೋಗುವ ಕಾಗದ

ಗಡಿನಾಡಿಗೆ ನಿಜವಾದ ಅಪಾಯ ಬೇರೆಡೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಿಂದ 2012ರವರೆಗೆ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 1,100ರಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇತ್ತು. ಇಂಥ ಮಗು ಹುಟ್ಟಿದಾಗ ಎಲ್ಲ ಮಕ್ಕಳಂತೆಯೇ ಕಾಣಬಹುದು. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆಗೆ ಧಕ್ಕೆ ಇಲ್ಲ. ತಿಂಗಳುಗಟ್ಟಲೆ ತಡವಾದರೆ ಆದ ನಷ್ಟ ಮತ್ತೆ ತುಂಬಿಬರುವುದಿಲ್ಲ.

ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟುವ ಮಕ್ಕಳ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಉಚಿತವಾಗಿ ಈ ತಪಾಸಣೆ ಮಾಡಲಾಗುತ್ತದೆ. ಆದರೆ ಮಂಜೇಶ್ವರ, ಕುಂಬಳೆ ಕಡೆಯ ಹೆರಿಗೆಗಳು ಮಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲೂ ಆಗುತ್ತವೆ. ಅಲ್ಲಿ ಹುಟ್ಟಿದ ಮಗು ಕೇರಳದ ಯೋಜನೆಯೊಳಗೆ ಬರುವುದಿಲ್ಲ. ಪರೀಕ್ಷೆ ಆಗಿದೆಯೇ ಎಂದು ಮನೆಯವರೇ ಕೇಳಬೇಕು. ಇನ್ನು ಬಾಣಂತನಕ್ಕೆ ತವರು ಗಡಿಯ ಒಂದು ಕಡೆ, ಗಂಡನ ಮನೆ ಇನ್ನೊಂದು ಕಡೆ. ವರದಿ ಬರುವ ಹೊತ್ತಿಗೆ ತಾಯಿ ಮಗು ಊರು ಬದಲಿಸಿರುತ್ತಾರೆ. ಆಸ್ಪತ್ರೆಯಲ್ಲಿ ಕೊಟ್ಟ ಫೋನ್ ನಂಬರು ಬೇರೆಯವರ ಕೈಯಲ್ಲಿದ್ದರೆ ಸುದ್ದಿ ಯಾರಿಗೂ ತಲುಪದು.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಪ್ರಶ್ನೆ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಂಬುಲೆನ್ಸ್ ನಿಂತದ್ದು ಎಲ್ಲರ ಕಣ್ಣಿಗೆ ಬಿತ್ತು. ಒಂದು ವರದಿ ಗಡಿ ದಾಟದೆ ಉಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆರಿಗೆ ಆಸ್ಪತ್ರೆಗಳು ತವರು ಮತ್ತು ಗಂಡನ ಮನೆ ಎರಡರ ನಂಬರನ್ನೂ ಬರೆದುಕೊಳ್ಳಬೇಕು. ಎರಡೂ ರಾಜ್ಯಗಳ ಆಶಾ ಕಾರ್ಯಕರ್ತೆಯರು ಬಾಣಂತಿ ಮನೆಗೆ ಹೋದಾಗ "ಹಿಮ್ಮಡಿ ರಕ್ತದ ವರದಿ ಬಂತೇ" ಎಂದು ಕೇಳಬೇಕು. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಖರ್ಚೂ ಇಲ್ಲ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಮನೆಯ ಅಜ್ಜಿಯೇ ಕೇಳಿದರೂ ಸಾಕು.