ಎರಡು ಜೀವಕ್ಕೆ ಎಷ್ಟು ರೊಟ್ಟಿ?

ಮಕ್ಕಳೇ, ಮಕ್ಕಳ ಮುತ್ಯಾ-ಆಯಿಯರೇ,

ಮೂರು ತಿಂಗಳ ಹಿಂದಿನ ಮಾತು. ಕೊಹಿನೂರಿನ ನಮ್ಮ ಮನೆಯಲ್ಲಿ ಹಿರಿ ಮೊಮ್ಮಗಳ ಕುಬುಸ. ಐದು ತಿಂಗಳು ತುಂಬಿತ್ತು. ಹೋಳಿಗೆ, ಅದರ ಮೇಲೆ ತುಪ್ಪ, ಅಂಟಿನ ಉಂಡೆ, ಬಂದ ನೆಂಟರೆಲ್ಲ ತಂದ ಬುತ್ತಿ. ಆರನೇ ತರಗತಿಯ ನನ್ನ ಮೊಮ್ಮಗ ಪಕ್ಕಕ್ಕೆ ಬಂದು ಕೂತು ಮೆಲ್ಲಗೆ ಕೇಳಿದ:

"ಮುತ್ಯಾ, ಆಯಿ ಅಕ್ಕಗ ದಿನಾ 'ಎರಡು ಜೀವ ಅದಾವ, ಎರಡು ಪಾಲು ಉಣ್ಣು' ಅಂತಾಳ. ಹೊಟ್ಟ್ಯಾಗಿನ ಕೂಸು ಅಕ್ಕನಷ್ಟೇ ರೊಟ್ಟಿ ತಿಂತದೇನು?"

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬೇರೆಯವರ ಲೆಕ್ಕ ತಪ್ಪಿದ್ದನ್ನು ಹುಡುಕಿದವನು ನಾನು. ನಮ್ಮ ಮನೆಯೊಳಗಿನ ಈ ಲೆಕ್ಕವನ್ನು ಮಾತ್ರ ಒಂದು ದಿನವೂ ಕೂಡಿ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಉತ್ತರ ಕೊಡುವ ಬದಲು ತಮಾಷೆ ಮಾಡಿದೆ. "ನಿಮ್ಮಕ್ಕ ಹಿಂಗೇ ತಿಂದರ ಸಕ್ಕರಿ ಕಾರ್ಖಾನಿ ಕಾಟಾದ ಮ್ಯಾಲೇ ತೂಕ ಮಾಡಸಬೇಕಾಗ್ತದ!" ಸುತ್ತ ಕೂತವರೆಲ್ಲ ನಕ್ಕರು. ಮೊಮ್ಮಗಳೂ ನಕ್ಕಳು. ನಾನು ಮರೆತೆ.

ಅವಳು ಮರೆಯಲಿಲ್ಲ. ಅಂದಿನಿಂದ ರಾತ್ರಿ ಊಟಕ್ಕೆ ಕರೆದರೆ "ಹಸಿವಿಲ್ಲ ಮುತ್ಯಾ" ಅನ್ನತೊಡಗಿದಳು. ಆಯಿ ಒತ್ತಾಯ ಮಾಡಿ ಹಾಕಿದ ರೊಟ್ಟಿ ಸೆರಗಿನಡಿ ಹಿತ್ತಲಿಗೆ ಹೋಗಿ ದನಕ್ಕೆ ಸೇರುತ್ತಿತ್ತು. ನಮಗ್ಯಾರಿಗೂ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಟ್ಟಿದ್ದು ತಾಯಿ ಕಾರ್ಡ್.

ತಾಯಿ ಕಾರ್ಡ್ ಅಂದರೆ ಬಸುರಿಯ ಪಾಸ್‌ಬುಕ್ ಇದ್ದ ಹಾಗೆ. ಪ್ರತಿ ತಪಾಸಣೆಯಲ್ಲಿ ತೂಕ, ರಕ್ತದೊತ್ತಡ, ರಕ್ತದ ಪ್ರಮಾಣ ಎಲ್ಲ ಬರೆಯುತ್ತಾರೆ. ಬಸುರಿಗೆ ಮೊದಲು ನಮ್ಮ ಹುಡುಗಿಯ ತೂಕ 68 ಕೆಜಿ. 20ನೇ ವಾರಕ್ಕೆ 73. ಆಮೇಲೆ 24ನೇ ವಾರಕ್ಕೆ 72.6. ಆಸ್ಪತ್ರೆಯ ಸಿಸ್ಟರ್ ಕಾರ್ಡು ನೋಡಿ ನನ್ನ ಕಡೆ ತಿರುಗಿದರು. "ಅಜ್ಜಾರ, ಮೊದಲು ಭಾಳ ಏರಿತ್ತು, ಈಗ ಇಳಿದದ. ಎರಡೂ ಸರಿ ಅಲ್ಲ. ಮನ್ಯಾಗ ಏನು ನಡದದ?"

ದಾರಿಯಲ್ಲಿ ಕೇಳಿದಾಗ ಹುಡುಗಿ ಅತ್ತು ಎಲ್ಲ ಹೇಳಿದಳು. ಕಾರ್ಖಾನೆಯ ಕಾಟಾದ ಮಾತನ್ನೂ ಹೇಳಿದಳು. ಎಪ್ಪತ್ತು ದಾಟಿದ ಮೇಲೆ ಮೊಮ್ಮಗಳ ಎದುರು ಕೈಮುಗಿದು "ತಪ್ಪಾತವ್ವ" ಅಂದೆ. ಆ ದಿನ ಸಂಜೆ ಮೊಮ್ಮಗನನ್ನು ಕರೆದು, ಅವನ ಪ್ರಶ್ನೆಗೆ ಕೊಡಬೇಕಿದ್ದ ಉತ್ತರ ಹುಡುಕಲು ಕೂತೆ. ಡಾಕ್ಟರು ಹೇಳಿದ್ದು, ಓದಿ ತಿಳಿದದ್ದು ಸೇರಿಸಿ ನಾವಿಬ್ಬರೂ ಮಾಡಿದ ಲೆಕ್ಕ ಇದು.

ಮೊದಲು ಕೂಸಿನ ಪಾಲು. ನಮ್ಮ ಊರಿನ ಹೆಸರಿನದೇ ಒಂದು ವಜ್ರ ಲಂಡನ್ನಿನಲ್ಲಿದೆ, ನಿಮಗೆ ಗೊತ್ತು. ಅದರ ತೂಕ 105.6 ಕ್ಯಾರೆಟ್. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಗುಣಿಸಿ ನೋಡಿ, ಸುಮಾರು 21 ಗ್ರಾಂ, ಎರಡು ತೊಲೆಗೂ ಕಡಿಮೆ. ಹದಿಮೂರನೇ ವಾರದ ಹೊತ್ತಿಗೆ ಹೊಟ್ಟೆಯೊಳಗಿನ ಕೂಸಿನ ತೂಕವೂ ಹೆಚ್ಚುಕಡಿಮೆ ಅಷ್ಟೇ! ಅಂಥ ಕೊಹಿನೂರಿಗೆ ಎರಡನೇ ತಾಟು ಯಾಕೆ? ಮೊದಲ ಮೂರು ತಿಂಗಳು ಊಟ ಹೆಚ್ಚಿಸುವ ಅಗತ್ಯವೇ ಇಲ್ಲ, ಒಳ್ಳೆಯ ಊಟ ಇದ್ದರೆ ಸಾಕು.

ಆಮೇಲೆ ಕೂಸು ಬೆಳೆಯುತ್ತದೆ. ಆಗಲೂ ಸಾಧಾರಣ ತೂಕದ ಬಸುರಿಗೆ ದಿನಕ್ಕೆ ಹೆಚ್ಚಿಗೆ ಬೇಕಾದದ್ದು ಸುಮಾರು 350 ಕ್ಯಾಲೊರಿ ಎಂದು ನಮ್ಮ ದೇಶದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಅಂದರೆ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ, ಒಂದು ಲೋಟ ಹಾಲು. ಅಷ್ಟೇ. ಇದೇ 350 ಕ್ಯಾಲೊರಿ 40 ಗ್ರಾಂ ತುಪ್ಪದಲ್ಲೇ ಮುಗಿದು ಹೋಗುತ್ತದೆ. ಮೊದಲೇ ತೂಕ ಹೆಚ್ಚಿದ್ದವರಿಗೆ ಇನ್ನೂ ಕಡಿಮೆ ಸಾಕಾಗಬಹುದು. ಎಷ್ಟು ಎಂಬುದನ್ನು ಅವರನ್ನು ನೋಡುವ ಡಾಕ್ಟರೇ ಹೇಳಬೇಕು.

ಮೊದಲೇ ತೂಕ ಹೆಚ್ಚು ಎಂದು ಯಾರು ತೀರ್ಮಾನಿಸುತ್ತಾರೆ? ಕಣ್ಣಲ್ಲ, ಲೆಕ್ಕ. ಬಸುರಿಗೆ ಮುಂಚಿನ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಬೇಕು. ನಮ್ಮ ಹುಡುಗಿಯ ಎತ್ತರ 1.55 ಮೀಟರ್. 1.55 × 1.55 = 2.40. 68 ÷ 2.40 = 28.3. ಇದಕ್ಕೆ ಬಿಎಂಐ ಅನ್ನುತ್ತಾರೆ. 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು ಎಂಬುದು ಜಗತ್ತಿನ ಸಾಮಾನ್ಯ ಅಳತೆ. ನಮ್ಮ ಜನಕ್ಕೆ ಸಕ್ಕರೆ ಕಾಯಿಲೆ ಬೇಗ ಬರುವುದರಿಂದ ಇಲ್ಲಿನ ವೈದ್ಯರು 23ರಿಂದಲೇ ಎಚ್ಚರಿಕೆ ಹೇಳುತ್ತಾರೆ.

ಒಂಬತ್ತು ತಿಂಗಳಲ್ಲಿ ಎಷ್ಟು ಏರಬಹುದು? ಅಮೆರಿಕದ ವೈದ್ಯಕೀಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಅಳತೆಯನ್ನು ಅನೇಕ ಡಾಕ್ಟರು ಬಳಸುತ್ತಾರೆ. ಅದರ ಪ್ರಕಾರ ಸಾಧಾರಣ ತೂಕದವರಿಗೆ 11.5ರಿಂದ 16 ಕೆಜಿ, ಹೆಚ್ಚು ತೂಕದವರಿಗೆ 7ರಿಂದ 11.5, ಬೊಜ್ಜು ಇದ್ದವರಿಗೆ 5ರಿಂದ 9.

"ದಪ್ಪ ಇದ್ದವರಿಗೆ ಯಾಕ ಕಡಿಮಿ?" ಎಂದ ಮೊಮ್ಮಗ. ಖಾತೆ ಬರೆದು ತೋರಿಸಿದೆ. ಕೂಸು ಸುಮಾರು 3 ಕೆಜಿ. ಮಾಸು ಅರ್ಧ ಕೆಜಿಗಿಂತ ಹೆಚ್ಚು. ಗರ್ಭದ ನೀರು ಸುಮಾರು ಒಂದು ಕೆಜಿ. ಹಿಗ್ಗಿದ ಗರ್ಭಕೋಶ ಒಂದು. ಎದೆಯ ಬೆಳವಣಿಗೆ ಅರ್ಧ. ಹೆಚ್ಚಿದ ರಕ್ತ ಮತ್ತು ಮೈನೀರು ಎರಡೂವರೆ-ಮೂರು. ಉಳಿದದ್ದು ಕೊಬ್ಬು. ಹೆರಿಗೆಯಾದ ಮೇಲೆ ಹಾಲೂಡಿಸಲು ದೇಹ ಇಟ್ಟುಕೊಳ್ಳುವ ಠೇವಣಿ ಅದು. ಮೊದಲೇ ಠೇವಣಿ ಇದ್ದವರು ಮತ್ತೆ ದೊಡ್ಡ ಠೇವಣಿ ಇಡಬೇಕಾಗಿಲ್ಲ.

ಹಾಗಾದರೆ ಉಪವಾಸ ಮಾಡಿ ಇಳಿಸಿಬಿಡಬಹುದೇ? ಬೇಡ. ನನ್ನ ಮಾತಿನಿಂದ ನಮ್ಮ ಹುಡುಗಿ ಮಾಡಿದ್ದೇ ಈ ತಪ್ಪು. ಬಸುರಿನ ಕಾಲ ತೂಕ ಇಳಿಸುವ ಕಾಲವಲ್ಲ. ಕೂಸಿಗೆ ದಿನದಿನವೂ ಬೇಕಾದ ಪ್ರೋಟೀನು, ಕಬ್ಬಿಣ, ಸುಣ್ಣ ಠೇವಣಿಯ ಕೊಬ್ಬಿನಿಂದ ಬರುವುದಿಲ್ಲ. ಇನ್ನೊಂದು ತಿಳಿಯಿರಿ: ಮೈ ತುಂಬಿಕೊಂಡಿದ್ದರೆ ರಕ್ತವೂ ತುಂಬಿದೆ ಎಂದಲ್ಲ. ದಪ್ಪ ಇದ್ದವರಲ್ಲೂ ರಕ್ತಹೀನತೆ ಇರುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದೇ ಲೆಕ್ಕ. ಕಬ್ಬಿಣದ ಗುಳಿಗೆ ತಪ್ಪಿಸುವ ಹಾಗಿಲ್ಲ.

ಹಾಗೆಂದು ತೂಕ ಹೇಗಾದರೂ ಏರಲಿ ಎಂದು ಬಿಟ್ಟರೆ ಬಸುರಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ದೊಡ್ಡ ಕೂಸು, ಕಷ್ಟದ ಹೆರಿಗೆಯ ಅಪಾಯ ಹೆಚ್ಚುತ್ತದೆ. ಅದಕ್ಕೇ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಚಿಕಿತ್ಸೆ. ಮೊದಲ ಭೇಟಿಯಲ್ಲೊಮ್ಮೆ, ಸರಿಯಿದ್ದರೂ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಈ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆ ದಿನ ತಪ್ಪಿಸಬೇಡಿ.

ಒಂದು ಮಾತನ್ನು ಗೋಡೆಗೆ ಬರೆದಿಡಿ: ಒಮ್ಮೆಲೇ ಒಂದು ವಾರದಲ್ಲಿ ಕೆಜಿಗಟ್ಟಲೆ ಏರಿ, ಮುಖ-ಕೈ ಬಾತು, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಅದು ಊಟದಿಂದ ಏರಿದ ತೂಕವಲ್ಲ. ರಕ್ತದೊತ್ತಡದ ಅಪಾಯ ಇರಬಹುದು. ಮುಂಜಾನೆ ನೋಡೋಣ ಅನ್ನದೆ ಅದೇ ಗಳಿಗೆಗೆ ಆಸ್ಪತ್ರೆಗೆ ಹೊರಡಿ.

ಈಗ ನಮ್ಮ ಮನೆಯಲ್ಲಿ ಏನು ಬದಲಾಯಿತು ಹೇಳುತ್ತೇನೆ. ಆಯಿ ತುಪ್ಪದ ಗಿಂಡಿ ಬಿಡಲಿಲ್ಲ, ಆದರೆ ದೊಡ್ಡ ಚಮಚ ಹೋಗಿ ಸಣ್ಣ ಚಮಚ ಬಂತು. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಮೊಳಕೆ ಹೆಸರು, ಮಜ್ಜಿಗೆ: ಇವು ನಮ್ಮ ಹಳೆಯ ಊಟವೇ, ಡಾಕ್ಟರು ಹೇಳಿದ್ದೂ ಇವನ್ನೇ. ಮಧ್ಯಾಹ್ನ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲೆಲ್ಲ ನಡೆದಿರುವ ಈ ಊಟದಲ್ಲಿ ಅನ್ನ-ಸಾಂಬಾರಿನ ಜೊತೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯೂ ಸೇರಿವೆ. ಅಲ್ಲಿ ಉಂಡು ಬಂದವಳಿಗೆ ಮನೆಯಲ್ಲಿ ಮತ್ತೆ ತಾಟು ಹಾಕುವುದನ್ನು ನಿಲ್ಲಿಸಿದೆವು. ಸಂಜೆ ಡಾಕ್ಟರ ಒಪ್ಪಿಗೆಯಂತೆ ಅರ್ಧ ಗಂಟೆ ನಡಿಗೆ. ಜೊತೆಗೆ ನಾನು, ಮೊಮ್ಮಗ. ಬಿಸ್ಕೀಟು, ಭಜಿ, ಬಾಟಲಿ ಪಾನಕ ಮನೆಯೊಳಗೆ ಬರುವುದೇ ನಿಂತಿತು. ಅವಳೊಬ್ಬಳಿಗಷ್ಟೇ ಅಲ್ಲ, ಎಲ್ಲರಿಗೂ.

ಎಲ್ಲಕ್ಕಿಂತ ಮುಖ್ಯ ಬದಲಾವಣೆ ನಾಲಿಗೆಯದು. ಅವಳ ಮೈ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಾರ್ಡಿನ ಅಂಕಿ ಡಾಕ್ಟರಿಗೆ, ಸಿಸ್ಟರಿಗೆ, ಅವಳಿಗೆ. ಈ ಲೆಕ್ಕವನ್ನು ಇಲ್ಲಿ ಬರೆಯಲೂ ಮೊದಲು ಅವಳ ಒಪ್ಪಿಗೆ ಕೇಳಿದೆ. "ಬರಿ ಮುತ್ಯಾ, ಕಾಟಾದ ಮಾತೂ ಬರಿ" ಅಂದಳು. ಬರೆದಿದ್ದೇನೆ.

ಈಗ 34ನೇ ವಾರ. ತೂಕ 75.6. ರಾತ್ರಿ ಎಲ್ಲರ ಜೊತೆ ಕೂತು ಉಣ್ಣುತ್ತಾಳೆ.

ಮುತ್ಯಾ-ಆಯಿಯರೇ, ನಮ್ಮ ಕಾಲದಲ್ಲಿ ಊಟವೇ ಕಡಿಮೆ ಇತ್ತು. ಬಸುರಿಗೆ ಒಂದು ತುತ್ತು ಹೆಚ್ಚು ಸಿಗಲಿ ಎಂದು ಹಿರಿಯರು 'ಎರಡು ಪಾಲು' ಅಂದರು. ಆ ಮಾತಿನ ಪ್ರೀತಿ ಹಾಗೇ ಇರಲಿ, ಲೆಕ್ಕ ಮಾತ್ರ ತಿದ್ದಿಕೊಳ್ಳೋಣ.

ಮಕ್ಕಳೇ, ಈ ವಾರದ ಲೆಕ್ಕ: 24ನೇ ವಾರ 72.6 ಕೆಜಿ, 34ನೇ ವಾರ 75.6 ಕೆಜಿ. ವಾರಕ್ಕೆ ಸರಾಸರಿ ಎಷ್ಟು ಏರಿತು? ಹೆಚ್ಚು ತೂಕದವರಿಗೆ ಹೇಳುವ ಮಿತಿ ವಾರಕ್ಕೆ 230ರಿಂದ 330 ಗ್ರಾಂ. ನಮ್ಮಕ್ಕ ಪಾಸೋ, ಅಲ್ಲವೋ? ಉತ್ತರ ಬರೆದು ಮನೆಯ ಆಯಿಗೆ ತೋರಿಸಿ.